ಲೇಸರ್ ಪವರ್ ಬದಲಿಸಿದರೆ ರುಬಿಡಿಯಮ್ ಗಡಿಯಾರ ಯಾಕೆ ಜಾರುತ್ತದೆ?

ಮೈಕ್ರೋವೇವ್_ಮರುಳ:
ರುಬಿಡಿಯಮ್-87 ಆವಿ, ಜೊತೆಗೆ ನೈಟ್ರೋಜನ್ ತುಂಬಿದ ಸೆಲ್. 795 ನ್ಯಾನೋಮೀಟರ್ ಲೇಸರ್. ರುಬಿಡಿಯಮ್‌ನ ತಳಸ್ಥಿತಿಯಲ್ಲಿ ಎರಡು ಮಟ್ಟ, ಕೆಳಗಿನದು ಎಫ್=1, ಮೇಲಿನದು ಎಫ್=2. ಲೇಸರನ್ನು ಎಫ್=2 ಮಟ್ಟದ ಗೆರೆಗೆ (ಆ ಮಟ್ಟದ ಪರಮಾಣು ಬೆಳಕು ಹೀರುವ ಆವರ್ತನಕ್ಕೆ) ಲಾಕ್ ಮಾಡಿದ್ದೇನೆ. ಪವರ್ ಏರಿಸಿದರೆ ಗಡಿಯಾರದ 6.834 ಗಿಗಾಹರ್ಟ್ಸ್ ಮೈಕ್ರೋವೇವ್ ಗೆರೆಯೂ ಮೇಲಕ್ಕೆ ಹೋಗುತ್ತದೆ. ಲೇಸರ್ ಲಾಕನ್ನು ಕೆಳಗೆ ಸರಿಸಿ ಮತ್ತೆ ಪವರ್ ಏರಿಸಿದರೆ ಈ ಸಲ ಗೆರೆ ಕೆಳಕ್ಕೆ ಬರುತ್ತದೆ! ತಾಪಮಾನ, ಕಾಂತಕ್ಷೇತ್ರ ಎರಡನ್ನೂ ಮುಟ್ಟಿಲ್ಲ. ಲೇಸರ್ ಇರುವುದು ಪರಮಾಣುಗಳನ್ನು ಪಂಪ್ ಮಾಡಿ (ಒಂದು ಮಟ್ಟದಿಂದ ಇನ್ನೊಂದಕ್ಕೆ ತಳ್ಳಿ) ನೋಡುವುದಕ್ಕೆ ತಾನೇ, ಮೈಕ್ರೋವೇವ್ ಗೆರೆಗೆ ಯಾಕೆ ಕೈ ಹಾಕುತ್ತದೆ?

ಆವಿ_ಸೆಲ್:
ಇದು ಲೈಟ್ ಶಿಫ್ಟ್. ಹೊಸದೇನಲ್ಲ, ಫ್ರೆಂಚ್ ಭೌತವಿಜ್ಞಾನಿ ಕೊಹೆನ್-ತನೂಜಿ 1961ರಲ್ಲೇ ಪಾದರಸದ ಆವಿಯಲ್ಲಿ ಇದನ್ನು ನೋಡಿದ್ದರು, ಅದೂ ಲೇಸರ್ ಇಲ್ಲದೆ ಬರೀ ದೀಪದ ಬೆಳಕಿನಲ್ಲಿ. ಬೆಳಕಿನ ವಿದ್ಯುತ್ ಕ್ಷೇತ್ರ ಪರಮಾಣುವಿನ ಮಟ್ಟವನ್ನೇ ಅಲುಗಿಸುತ್ತದೆ. ಲೇಸರ್‌ನ ಆವರ್ತನ ಆ ಗೆರೆಗಿಂತ ಕೆಳಗಿದ್ದರೆ ಎಫ್=2 ಕೆಳಕ್ಕೆ ಇಳಿಯುತ್ತದೆ, ಮೇಲಿದ್ದರೆ ಏರುತ್ತದೆ. ಎಫ್=1 ನಿಮ್ಮ ಲೇಸರ್‌ನಿಂದ 6.8 ಗಿಗಾಹರ್ಟ್ಸ್ ದೂರ, ಅದಕ್ಕೆ ತಟ್ಟುವುದು ಕಡಿಮೆ. ಹಾಗಾಗಿ ಎರಡರ ನಡುವಿನ ಅಂತರ ಬದಲಾಗುತ್ತದೆ. ಗಡಿಯಾರ ಅಳೆಯುವುದು ಆ ಅಂತರವನ್ನೇ ಅಲ್ವಾ?

ಮೈಕ್ರೋವೇವ್_ಮರುಳ:
ಹಾಗಾದರೆ ಗೆರೆಯ ನಟ್ಟನಡುವೆ ಲಾಕ್ ಮಾಡಿಬಿಟ್ಟರೆ ಸೊನ್ನೆ ಆಗಬೇಕಲ್ಲ?

ಶೂನ್ಯ_ದಾಟು:
ಕಾಗದದ ಮೇಲೆ ಹೌದು. ಆದರೆ ಬೆಳಕು ಹೀರಿದ ಪರಮಾಣು ಏರುವ ಮೇಲಿನ ಸ್ಥಿತಿಯಲ್ಲೇ ಎರಡು ಮಟ್ಟ ಇವೆ, ನಡುವೆ ಸುಮಾರು 815 ಮೆಗಾಹರ್ಟ್ಸ್ ಅಂತರ. ಪಕ್ಕದ ಗೆರೆಯ ಬಾಲ ಬಂದು ಸೇರುವುದರಿಂದ ಶಿಫ್ಟ್ ಸೊನ್ನೆಯಾಗುವ ಜಾಗವೂ ಹೀರಿಕೆಯ ಶಿಖರವೂ ಒಂದೇ ಆಗುವುದಿಲ್ಲ. ನಿಮ್ಮ ಲೇಸರ್ ಲಾಕ್ ಆಗಿರುವುದು ನೈಟ್ರೋಜನ್ ಇಲ್ಲದ ಬೇರೆ ಸೆಲ್‌ಗೆ ಆಗಿದ್ದರೆ ಇನ್ನೂ ಒಂದು ತಲೆನೋವು, ಯಾಕೆಂದರೆ ಬಫರ್ ಅನಿಲ (ನಿಮ್ಮ ಸೆಲ್‌ನಲ್ಲಿ ತುಂಬಿರುವ ನೈಟ್ರೋಜನ್) ಆ ಆಪ್ಟಿಕಲ್ ಗೆರೆಯನ್ನೂ ಸರಿಸಿರುತ್ತದೆ. ಇಷ್ಟು ಸಾಲದು ಅಂತ, ಲೇಸರ್ ಕಿರಣದ ನಡುಭಾಗದಲ್ಲಿ ಬೆಳಕು ಜಾಸ್ತಿ, ಅಂಚಿನಲ್ಲಿ ಕಡಿಮೆ. ಬಫರ್ ಅನಿಲದಲ್ಲಿ ಪರಮಾಣುಗಳು ಬೇಗ ಓಡಾಡುವುದಿಲ್ಲ, ಒಂದೊಂದು ಜಾಗದ ಪರಮಾಣುವಿಗೆ ಒಂದೊಂದು ಶಿಫ್ಟ್. ಆಗ ಮೈಕ್ರೋವೇವ್ ಪವರ್ ಬದಲಿಸಿದರೂ ಯಾವ ಜಾಗದ ಪರಮಾಣುಗಳ ಪಾಲು ಹೆಚ್ಚು ಎನ್ನುವುದು ಬದಲಾಗಿ ಗೆರೆ ಜಾರುತ್ತದೆ.

ನನ್ನ ಕೇಳಿದರೆ ಪಲ್ಸ್ ವಿಧಾನವೇ ವಾಸಿ. ಮೊದಲು ಲೇಸರ್ ಪಂಪ್, ಆಮೇಲೆ ಅದನ್ನು ಆರಿಸಿ ಕತ್ತಲಲ್ಲಿ ಎರಡು ಮೈಕ್ರೋವೇವ್ ಪಲ್ಸ್, ಕೊನೆಗೆ ಮತ್ತೆ ಲೇಸರ್‌ನಿಂದ ಓದುವುದು. ಶಟರ್ ಪೂರ್ತಿ ಮುಚ್ಚಬೇಕು, ಸೋರುವ ಚೂರು ಬೆಳಕೂ ಶಿಫ್ಟ್ ಕೊಡುತ್ತದೆ.

ಆವಿ_ಸೆಲ್:
ಅಂದಹಾಗೆ, ಪವರ್ ಬದಲಿಸಿದ್ದು ಹೇಗೆ? ಡಯೋಡ್ ಕರೆಂಟ್ ತಿರುಗಿಸಿ ಮಾಡಿದ್ದರೆ ಲೇಸರ್ ಆವರ್ತನವೂ ಜೊತೆಗೇ ಓಡಲು ನೋಡುತ್ತದೆ, ಯಾವುದರಿಂದ ಏನಾಯ್ತು ಗೊತ್ತಾಗುವುದಿಲ್ಲ. ಕರೆಂಟ್ ಮುಟ್ಟದೆ ಸೆಲ್ ಮುಂದೆ ಒಂದು ಫಿಲ್ಟರ್ ಇಟ್ಟು ಮತ್ತೆ ಅಳೆದು ನೋಡಿ.