ಬೊಗಾಂಗ್ ಪತಂಗ ಬೇಸಿಗೇಲಿ ಬೆಟ್ಟ ಹತ್ತೋದು ಯಾಕೆ?

ಹುಳಪ್ರೇಮಿ: ಆಸ್ಟ್ರೇಲಿಯಾದ ಬೊಗಾಂಗ್ ಪತಂಗ ಸಾವಿರ ಕಿಲೋಮೀಟರ್ ದೂರದಿಂದ ಅಲ್ಲಿನದೇ ಆಸ್ಟ್ರೇಲಿಯನ್ ಆಲ್ಪ್ಸ್ ಬೆಟ್ಟಗಳಿಗೆ ಹಾರಿ ಬರುತ್ತಂತೆ, ಅಲ್ಲಿ ಮೊಟ್ಟೆನೂ ಇಡಲ್ಲ ಅಂದ್ರೆ ಮತ್ತೆ ಬರೋದ್ಯಾಕೆ?

ಕ್ಯಾನ್ಬೆರಾ ಕನ್ನಡಿಗ: ಸೆಖೆ ತಪ್ಪಿಸಿಕೊಳ್ಳೋಕೆ. ಕ್ವೀನ್ಸ್‌ಲ್ಯಾಂಡ್ ಕಡೆ ಬಯಲಲ್ಲಿ ಹುಟ್ಟಿ ಬೆಳೆದು, ಬೇಸಿಗೆಗೆ ಮುಂಚೆ ಹೊರಟು ಬೆಟ್ಟದ ತಣ್ಣನೆ ಗುಹೆಗಳಲ್ಲಿ ಕೆಲವು ತಿಂಗಳು ಸುಮ್ನೆ ಮಲಗಿಬಿಡ್ತವೆ, ಗೋಡೆಯ ಒಂದು ಚದರ ಮೀಟರಲ್ಲಿ ಸುಮಾರು 17,000, ಒಂದರ ತಲೆ ಇನ್ನೊಂದರ ರೆಕ್ಕೆ ಕೆಳಗೆ, ಹೆಂಚು ಹೊದಿಸಿದ ಹಾಗೆ. ಶರತ್ಕಾಲದಲ್ಲಿ ವಾಪಸ್ ಹೋಗಿ ಮೊಟ್ಟೆ ಇಟ್ಟು ಸಾಯ್ತವೆ. ದಾರೀಲಿ ನಮ್ಮೂರ ಪಾರ್ಲಿಮೆಂಟ್ ಕಟ್ಟಡದ ಲೈಟಿಗೂ ಮುತ್ತಿಕೊಳ್ತವೆ.

ರಾತ್ರಿಪಾಳಿ: ದಾರಿ ಹುಡುಕೋದು ಇನ್ನೂ ಅದ್ಭುತ ಕಣ್ರೀ! ಭೂಮಿಯ ಕಾಂತಕ್ಷೇತ್ರ ಗುರುತಿಸ್ತವೆ ಅಂತ 2018ರಲ್ಲೇ ತೋರಿಸಿದ್ರು. ಆಮೇಲೆ 2025ರಲ್ಲಿ ಕಾಂತಕ್ಷೇತ್ರ ಇಲ್ಲದ ಹಾಗೆ ಮಾಡಿ ಬರೀ ನಕ್ಷತ್ರದ ಆಕಾಶ ತೋರಿಸಿದ್ರೂ ಸರಿಯಾದ ದಿಕ್ಕಿಗೇ ಹಾರಿದ್ವು. ದಾರಿ ಹೇಳಿಕೊಡೋಕೆ ಅಪ್ಪ ಅಮ್ಮ ಬದುಕಿರಲ್ಲ, ಮೊದಲ ಸಲಾನೇ ಹೋಗೋದು.

ಹೊಲದಮನೆ: ನಮ್ಮಲ್ಲಿ ಆಲೂಗಡ್ಡೆ ಸಸಿ ಬುಡದಲ್ಲೇ ಕತ್ತರಿಸೋ ಹುಳ ಇದರ ಕುಲದ್ದೇ, ಅಗ್ರೋಟಿಸ್. ಬೊಗಾಂಗ್ ಮರಿಗಳೂ ಬೆಳೆ ಕತ್ತರಿಸ್ತವೆ.

ಕ್ಯಾನ್ಬೆರಾ ಕನ್ನಡಿಗ: ಹೌದು, ಆದ್ರೂ ಇವು ಉಳೀಲೇಬೇಕು. 2017ರಿಂದ ಬರ ಬಂದು ಸಂಖ್ಯೆ ಪಾತಾಳಕ್ಕೆ ಹೋಯ್ತು, 2021ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ರು. ಬೆಟ್ಟದ ಪಿಗ್ಮಿ ಪೊಸಮ್ (ಮರಿಗಳನ್ನ ಹೊಟ್ಟೆಚೀಲದಲ್ಲಿ ಸಾಕೋ ಇಲಿಯಂಥ ಪುಟ್ಟ ಪ್ರಾಣಿ) ಚಳಿನಿದ್ದೆಯಿಂದ ಎದ್ದಾಗ ತಿನ್ನೋದು ಇವನ್ನೇ, ಪತಂಗ ಬರದಿದ್ದ ವರ್ಷ ಅದರ ಮರಿಗಳು ಹಾಲಿಲ್ಲದೆ ಸತ್ತಿದ್ವು.