ಮಗಳು ಕಾಲೇಜಿನ ಸಾಫ್ಟ್‌ಬಾಲ್ ತಂಡ ಸೇರಬೇಕೆನ್ನುತ್ತಾಳೆ: ಆ ನಾಲ್ಕು ವರ್ಷಗಳ ದಿನಚರಿ ಹೇಗಿರುತ್ತದೆ?

ಪ್ರಶ್ನೆ: ತೀರ್ಥಹಳ್ಳಿಯವಳು, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ತೀರ್ಥಹಳ್ಳಿ ಕಡೆಯವರು, ನ್ಯೂಜೆರ್ಸಿಗೆ ಬಂದು ಹತ್ತೊಂಬತ್ತು ವರ್ಷಗಳಾದವು. ಇಲ್ಲಿಯೇ ಹುಟ್ಟಿದ ಮಗಳು ಈಗ ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಎಂಟನೆಯ ವಯಸ್ಸಿನಿಂದ ಬೇಸ್‌ಬಾಲನ್ನು ಹೋಲುವ ಸಾಫ್ಟ್‌ಬಾಲ್ ಆಡುತ್ತಿದ್ದಾಳೆ. ತಂಡದಲ್ಲಿ ಅವಳು ಪಿಚರ್, ಅಂದರೆ ಬ್ಯಾಟು ಹಿಡಿದವರಿಗೆ ಚೆಂಡು ಎಸೆಯುವವಳು. ಸಂಜೆಯಾದರೆ ಹಿತ್ತಲಿನಲ್ಲಿ ನಮ್ಮ ಯಜಮಾನರು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಅವಳು ಎಸೆದ ಚೆಂಡನ್ನು ಹಿಡಿಯುತ್ತಾರೆ. ಮೊದಲು 35 ಅಡಿ, ಆಮೇಲೆ 40, ಈಗ 43: ಅವಳು ಬೆಳೆದ ಹಾಗೆ ಹುಲ್ಲಿನ ಮೇಲಿನ ಗುರುತೂ ಹಿಂದೆ ಸರಿಯುತ್ತ ಬಂದಿದೆ.

ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ರಿಂದ, ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ ಒಂದರ ಕೋಚ್‌ಗಳು ಹುಡುಗಿಯರನ್ನು ನೇರವಾಗಿ ಸಂಪರ್ಕಿಸಬಹುದೆಂಬ ನಿಯಮ ನಿಮಗೆ ತಿಳಿದಿರಬಹುದು. ಆ ರಾತ್ರಿ ಹನ್ನೆರಡಾಗುವುದನ್ನೇ ಕಾಯುತ್ತ ಮಗಳು ಫೋನ್ ಹಿಡಿದು ಅಡುಗೆಮನೆಯಲ್ಲಿ ಕುಳಿತಿದ್ದಳು. ಅವಳ ಗೆಳತಿಯೊಬ್ಬಳಿಗೆ ಅರ್ಧ ಗಂಟೆಯಲ್ಲಿ ಹಲವು ಸಂದೇಶಗಳು ಬಂದವಂತೆ. ನಮ್ಮವಳಿಗೆ ಬಂದದ್ದು ಒಂದೇ. ಅದು ಒಂದು ದೊಡ್ಡ ವಿಶ್ವವಿದ್ಯಾಲಯದಿಂದ, ಅದೂ ವಿದ್ಯಾರ್ಥಿವೇತನವಿಲ್ಲದೆ ವಾಕ್-ಆನ್ ಆಗಿ ಬರುವುದಾದರೆ ನೋಡೋಣ ಎಂಬ ಒಕ್ಕಣೆಯದು. ಇದಲ್ಲದೆ ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಿನ ಕೋಚ್ ಬೇಸಿಗೆಯಿಂದಲೇ ಬಹಳ ಆಸ್ಥೆಯಿಂದ ಬರೆಯುತ್ತಿದ್ದಾರೆ. ಅದು ಡಿವಿಷನ್ ಮೂರರ ಕಾಲೇಜು.

ಮಗಳಿಗೆ ಮುಂದೆ ವೈದ್ಯಕೀಯ ಓದುವ ಆಸೆಯೂ ಇದೆ. ನಾನು ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು. ಆದರೆ ನಮ್ಮ ಆಟ ಸಂಜೆಯ ಒಂದು ಗಂಟೆಯದು, ಇಲ್ಲಿನದು ಹಾಗಲ್ಲವೆಂದು ಕೇಳಿದ್ದೇನೆ. ಓದು, ಲ್ಯಾಬ್, ಊಟ, ನಿದ್ದೆ ಇವೆಲ್ಲ ಹೇಗೆ ನಡೆಯುತ್ತವೆ? ನಾಲ್ಕು ವರ್ಷ ಬೆಂಚಿನ ಮೇಲೆ ಕುಳಿತರೆ ಅವಳ ಮನಸ್ಸು ಏನಾದೀತು? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಾಸನದ ಹುಡುಗಿ, ಓಹಾಯೋ

ಅಕ್ಕ, ನಾನು ಏಳನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದವಳು. ಡಿವಿಷನ್ ಒಂದರ ತಂಡವೊಂದರಲ್ಲಿ ನಾಲ್ಕು ವರ್ಷ ಔಟ್‌ಫೀಲ್ಡ್‌ನಲ್ಲಿದ್ದೆ. ಅದರಲ್ಲಿ ಮೊದಲ ಎರಡು ವರ್ಷ ನೀವು ಹೇಳುವ ಆ ಬೆಂಚಿನ ಮೇಲೆಯೇ ಇದ್ದೆನಾದ್ದರಿಂದ ವಿವರವಾಗಿ ಬರೆಯುತ್ತೇನೆ.

ಆಟದ ಋತು ಫೆಬ್ರವರಿಯಿಂದ ಮೇ ತನಕ ಎಂದು ಹೇಳುತ್ತಾರೆ, ಆದರೆ ತಂಡದ ಬದುಕು ಆಗಸ್ಟ್‌ನಲ್ಲಿ ಹಾಸ್ಟೆಲ್ ಸೇರಿದ ದಿನವೇ ಶುರುವಾಗುತ್ತದೆ. ಬೆಳಿಗ್ಗೆ ಆರಕ್ಕೆ ತೂಕ ಎತ್ತುವ ತಾಲೀಮು, ಎಂಟರಿಂದ ಮಧ್ಯಾಹ್ನದವರೆಗೆ ತರಗತಿ, ಎರಡರಿಂದ ಅಭ್ಯಾಸ, ಸಂಜೆ ನೋವಿಗೆ ಐಸ್ ಇಡುವ ಚಿಕಿತ್ಸೆಯ ಕೋಣೆ, ರಾತ್ರಿ ಕಡ್ಡಾಯವಾದ ಓದಿನ ಅವಧಿ. ಋತುವಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ, ವಾರದಲ್ಲಿ ಒಂದು ದಿನ ರಜೆ ಎಂದು ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎಯ ನಿಯಮವಿದೆ. ಈ ಇಪ್ಪತ್ತನ್ನು ಓದಿ ಸಮಾಧಾನಪಟ್ಟುಕೊಳ್ಳಬೇಡಿ. ಪಂದ್ಯದ ದಿನವನ್ನು, ಅದು ಬೆಳಗಿನಿಂದ ರಾತ್ರಿಯವರೆಗೆ ನಡೆದರೂ, ಮೂರೇ ಗಂಟೆಯೆಂದು ಲೆಕ್ಕ ಹಾಕುತ್ತಾರೆ. ಪ್ರಯಾಣದ ಹೊತ್ತು, ಚಿಕಿತ್ಸೆಯ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ನಮ್ಮಂಥ ಉತ್ತರದ ರಾಜ್ಯಗಳ ತಂಡಗಳಿಗೆ ಇದು ಇನ್ನಷ್ಟು ಭಾರ, ಏಕೆಂದರೆ ಫೆಬ್ರವರಿಯಲ್ಲಿ ನಮ್ಮ ಮೈದಾನದ ಮೇಲೆ ಹಿಮ ಬಿದ್ದಿರುತ್ತದೆ. ಆದ್ದರಿಂದ ಮೊದಲ ನಾಲ್ಕೈದು ವಾರಾಂತ್ಯಗಳನ್ನು ಫ್ಲೋರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾಗಳಲ್ಲಿ ಕಳೆಯುತ್ತೇವೆ. ಗುರುವಾರ ಹೊರಟರೆ ತಿರುಗಿ ಬರುವುದು ಭಾನುವಾರ ನಡುರಾತ್ರಿ. ಸಾವಯವ ರಸಾಯನಶಾಸ್ತ್ರದ ಒಂದು ಪರೀಕ್ಷೆಯನ್ನು ನಾನು ಹೋಟೆಲಿನ ಉಪಾಹಾರದ ಕೋಣೆಯಲ್ಲಿ, ಪಕ್ಕದಲ್ಲಿ ದೋಸೆಕಲ್ಲಿನಂತೆ ಬುಸುಗುಡುವ ವಾಫಲ್ ಯಂತ್ರ, ಎದುರಿಗೆ ಮೇಲ್ವಿಚಾರಣೆಗೆ ಕುಳಿತ ಸಹಾಯಕ ಕೋಚ್, ಹೀಗೆ ಬರೆದಿದ್ದೇನೆ.

ಇನ್ನು ಬೆಂಚಿನ ವಿಷಯ. ಡಗೌಟ್‌ನಲ್ಲಿ ಕುಳಿತವರಿಗೆ ಕೆಲಸವಿಲ್ಲವೆಂದು ಅಪ್ಪ-ಅಮ್ಮ ಅಂದುಕೊಳ್ಳುತ್ತಾರೆ. ನನಗೆ ಮೊದಲ ವರ್ಷ ಸಿಕ್ಕ ಕೆಲಸ ಎದುರಾಳಿ ಪಿಚರ್ ಎಸೆದ ಪ್ರತಿ ಚೆಂಡನ್ನು ಪಟ್ಟಿಯಲ್ಲಿ ಗುರುತಿಸುವುದು: ಮೇಲೇರುವಂತೆ ಕಾಣುವ ರೈಸ್, ಕೆಳಗಿಳಿಯುವ ಡ್ರಾಪ್, ನಿಧಾನದ ಚೇಂಜ್‌ಅಪ್, ಎಲ್ಲಿ ಬಿತ್ತು, ನಮ್ಮವಳು ಏನು ಮಾಡಿದಳು. ನಲವತ್ತು ಪಂದ್ಯಗಳಷ್ಟು ಹಾಗೆ ಬರೆದ ಮೇಲೆ ಒಂದು ದಿನ, ಅಂದಿನ ಎದುರಾಳಿ ಪಿಚರ್ ಚೇಂಜ್‌ಅಪ್ ಎಸೆಯುವ ಮುನ್ನ ಕೈಗವಸನ್ನು ಸ್ವಲ್ಪ ಅಗಲಿಸುತ್ತಾಳೆ ಎಂಬುದು ನನ್ನ ಕಣ್ಣಿಗೆ ಬಿತ್ತು. ಹಿರಿಯಳೊಬ್ಬಳಿಗೆ ಹೇಳಿದೆ, ಮುಂದಿನ ಸರದಿಯಲ್ಲಿ ಅವಳು ಅದೇ ಚೆಂಡನ್ನು ಎಡಗಡೆಯ ಬೇಲಿಗೆ ಬಾರಿಸಿದಳು. ಎರಡನೆಯ ಬೇಸ್‌ನಲ್ಲಿ ನಿಂತು ಅವಳು ನನ್ನ ಕಡೆ ಬೆರಳು ತೋರಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೂ ಅಳುವ ರಾತ್ರಿಗಳಿರುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಫೋನ್ ಮಾಡಿದಾಗ ಅಮ್ಮ ಮೊದಲು "ಇವತ್ತು ಆಡಿಸಿದರಾ?" ಎಂದು ಕೇಳುತ್ತಿದ್ದರು. ಒಂದು ವರ್ಷದ ನಂತರ, ಆ ಪ್ರಶ್ನೆಯನ್ನು ಕೇಳಬೇಡಿ ಎಂದು ನಾನೇ ಬೇಡಿಕೊಂಡೆ. ನೀವು ಮೊದಲಿನಿಂದಲೇ ಕೇಳದಿದ್ದರೆ ಒಳ್ಳೆಯದು.

ವಾಕ್-ಆನ್ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮೊದಲು ಡಿವಿಷನ್ ಒಂದರ ತಂಡಕ್ಕೆ 12 ಪೂರ್ಣ ವಿದ್ಯಾರ್ಥಿವೇತನಗಳ ಮಿತಿಯಿತ್ತು. ಕೋಚ್‌ಗಳು ಅದನ್ನೇ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರಿಗೆ ಹಂಚುತ್ತಿದ್ದರು. 2025ರ ನ್ಯಾಯಾಲಯದ ಒಪ್ಪಂದದ ನಂತರ, ಅದಕ್ಕೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ ವೇತನದ ಮಿತಿ ಹೋಗಿ ತಂಡದ ಸಂಖ್ಯೆಗೇ 25ರ ಮಿತಿ ಬಂದಿದೆ. ಹೀಗಾಗಿ ವೇತನವಿಲ್ಲದೆ ಸೇರಿದವರ ಜಾಗವೇ ಮೊದಲು ಅಲುಗಾಡುತ್ತದೆ. ಬೇರೆ ಕಾಲೇಜಿನಿಂದ ವರ್ಗವಾಗಿ ಬರುವ ಅನುಭವಿ ಪಿಚರ್‌ಗಳೂ ಈಗ ಹೆಚ್ಚು. ಆ ಕೋಚ್ ಹತ್ತಿರ, ನನ್ನ ಮಗಳಿಗೆ 25ರೊಳಗೆ ಜಾಗ ಖಚಿತವೇ, ಎಷ್ಟು ವರ್ಷಕ್ಕೆ, ಎಂದು ಮಗಳಿಂದಲೇ ಕೇಳಿಸಿ. ಉತ್ತರ ಸುತ್ತಿ ಬಳಸಿ ಬಂದರೆ ಅದನ್ನು ಇಲ್ಲವೆಂದೇ ತಿಳಿಯಿರಿ.

ಉತ್ತರ 2: ಜೀವಶಾಸ್ತ್ರದ ಅಪ್ಪ, ಮಿನೆಸೋಟ

ನಮಸ್ಕಾರ ಮೇಡಂ. ನನ್ನ ಮಗಳು ಡಿವಿಷನ್ ಮೂರರ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತ ಕ್ಯಾಚರ್ ಆಗಿ ಆಡಿ ಕಳೆದ ವರ್ಷ ಪದವಿ ಮುಗಿಸಿದಳು. ಡಿವಿಷನ್ ಮೂರರಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಅಂಕಗಳಿಗೆ ಮತ್ತು ಕುಟುಂಬದ ಆದಾಯಕ್ಕೆ ತಕ್ಕ ಸಹಾಯ ಸಿಗುತ್ತದೆ. ಆದ್ದರಿಂದ ಕಾಲೇಜಿನ ಹಣಕಾಸಿನ ಪತ್ರ ಕೈಗೆ ಬರುವವರೆಗೆ ಯಾವುದು ಅಗ್ಗ, ಯಾವುದು ದುಬಾರಿ ಎಂದು ತೀರ್ಮಾನಿಸಬೇಡಿ.

ಪಂದ್ಯಗಳೂ ಕಡಿಮೆ. ಡಿವಿಷನ್ ಒಂದರಲ್ಲಿ 56ರವರೆಗೆ ಹೋದರೆ ಇಲ್ಲಿ 40. ವಿಮಾನ ಪ್ರಯಾಣ ಅಪರೂಪ, ಬಸ್ಸೇ ಹೆಚ್ಚು. ಒಂದೇ ದಿನ ಬೆನ್ನಿಗೆ ಬೆನ್ನಾಗಿ ಎರಡು ಪಂದ್ಯ ಆಡಿಸಿ ಅದೇ ರಾತ್ರಿ ಕರೆತರುತ್ತಾರೆ. ಆದರೆ ಲ್ಯಾಬ್‌ಗಳ ಸಮಸ್ಯೆ ಇಲ್ಲಿಯೂ ಇದೆ, ಇದನ್ನು ನಾವು ಮೊದಲ ವರ್ಷ ತಡವಾಗಿ ತಿಳಿದೆವು. ವಿಜ್ಞಾನದ ಲ್ಯಾಬ್‌ಗಳು ಸಾಮಾನ್ಯವಾಗಿ ಮಧ್ಯಾಹ್ನ ಒಂದರಿಂದ ನಾಲ್ಕು. ಮಾರ್ಚ್-ಏಪ್ರಿಲ್‌ನ ವಾರದ ನಡುವಿನ ಪಂದ್ಯಗಳೂ ಅದೇ ಹೊತ್ತಿಗೆ ಶುರು. ಒಮ್ಮೆ ತಪ್ಪಿದ ಲ್ಯಾಬನ್ನು ಮತ್ತೆ ಮಾಡಿಸಲು ಒಬ್ಬ ಪ್ರಾಧ್ಯಾಪಕರು ಒಪ್ಪಲಿಲ್ಲ, ಅವಳ ದರ್ಜೆ ಇಳಿಯಿತು. ಆಮೇಲೆ ತಂಡದ ಹಿರಿಯ ಹುಡುಗಿಯರು ಅವಳನ್ನು ಕೂರಿಸಿಕೊಂಡು, ಕಠಿಣವಾದ ಲ್ಯಾಬ್‌ಗಳನ್ನು ಆಗಸ್ಟ್-ಡಿಸೆಂಬರ್ ಅವಧಿಗೆ ತಳ್ಳಿ, ವಸಂತದಲ್ಲಿ ಬೆಳಗಿನ ಲ್ಯಾಬ್ ಇರುವ ವಿಷಯಗಳನ್ನೇ ಆರಿಸಿ, ಉಳಿದ ಮೂರೂ ವರ್ಷಗಳ ವೇಳಾಪಟ್ಟಿಯನ್ನು ಒಂದೇ ರಾತ್ರಿಯಲ್ಲಿ ಬರೆದುಕೊಟ್ಟರು. ಕಾಲೇಜಿನ ಸಲಹೆಗಾರರಿಗೂ ಹೊಳೆಯದ ಜಾಣ್ಮೆ ಅದು. ಹಾಗಾಗಿ ಕೋಚ್‌ಗೆ ಕೇಳಬೇಕಾದ ಮುಖ್ಯ ಪ್ರಶ್ನೆ: ಈಗಿನ ತಂಡದಲ್ಲಿ ವಿಜ್ಞಾನ ಓದುತ್ತಿರುವವರು ಎಷ್ಟು ಮಂದಿ, ಅವರಲ್ಲಿ ಒಬ್ಬರೊಡನೆ ಮಗಳು ಮಾತನಾಡಬಹುದೇ?

ಊಟದ ಬಗ್ಗೆ: ನಾವು ಸಸ್ಯಾಹಾರಿಗಳು. ಮೊದಲ ಪ್ರವಾಸದಲ್ಲಿ ಎಲ್ಲರಿಗೂ ಕೋಳಿಮಾಂಸದ ಸ್ಯಾಂಡ್‌ವಿಚ್ ಬಂತು, ಇವಳು ಚಿಪ್ಸ್ ತಿಂದು ಎರಡು ಪಂದ್ಯ ಆಡಿದಳು. ಕೋಚ್‌ಗೆ ತಿಳಿಸಿದ ಮೇಲೆ ಅಂಥದ್ದು ಮತ್ತೆ ನಡೆಯಲಿಲ್ಲ. ನಮ್ಮ ಊರಿನ ಪಂದ್ಯಗಳ ನಂತರ ಪೋಷಕರು ಮೇಜು ಹಾಕಿ ಎರಡೂ ತಂಡಗಳಿಗೆ ತಿಂಡಿ ಇಡುವ ರೂಢಿಯಿದೆ. ನನ್ನ ಹೆಂಡತಿ ಅಳುಕುತ್ತಲೇ ಚಿತ್ರಾನ್ನ ಮಾಡಿಕೊಂಡು ಹೋದಳು. ಶೇಂಗಾ ಅಲರ್ಜಿ ಇರುವ ಹುಡುಗಿಯೊಬ್ಬಳಿದ್ದ ಕಾರಣ ಶೇಂಗಾ ಹಾಕಿರಲಿಲ್ಲ. ನಾಲ್ಕನೆಯ ವರ್ಷದ ಕೊನೆಯ ಪಂದ್ಯದ ದಿನ, ಮೊಣಕಾಲವರೆಗೂ ಮಣ್ಣು ಮೆತ್ತಿಕೊಂಡು ಬಂದ ಅದೇ ಹುಡುಗಿ ಡಬ್ಬಿಯ ತಳಕ್ಕೆ ಅಂಟಿದ ಅನ್ನವನ್ನು ಚಮಚದಲ್ಲಿ ಕೆರೆದು ತಿನ್ನುವುದನ್ನು ನೋಡಿ ನನ್ನ ಹೆಂಡತಿಯ ಕಣ್ಣು ತುಂಬಿತು.

ಉತ್ತರ 3: ಫಿಸಿಯೋ, ಟೆಕ್ಸಸ್

ನಾನು ಫಿಸಿಯೋಥೆರಪಿಸ್ಟ್, ಮಂಗಳೂರಿನಲ್ಲಿ ಓದಿ ಇಲ್ಲಿ ಹದಿನಾಲ್ಕು ವರ್ಷಗಳಿಂದ ಕ್ರೀಡಾಪಟುಗಳಿಗೆ ಚಿಕಿತ್ಸೆ ಕೊಡುತ್ತಿದ್ದೇನೆ. ನಿಮ್ಮ ಮಗಳು ಪಿಚರ್ ಎಂದು ಓದಿದ್ದರಿಂದ ಬರೆಯುತ್ತಿದ್ದೇನೆ. ತೋಳನ್ನು ಗಾಳಿಗಿರಣಿಯಂತೆ ಪೂರ್ತಿ ಒಂದು ಸುತ್ತು ತಿರುಗಿಸಿ ಕೆಳಗಿನಿಂದ ಎಸೆಯುವುದು ದೇಹಕ್ಕೆ ಸಹಜವಾದ ಚಲನೆ, ಅದರಿಂದ ಭುಜಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು, ಮತ್ತು ತಪ್ಪು. ಭುಜದ ಮುಂಭಾಗಕ್ಕೂ ಅಲ್ಲಿನ ಬೈಸೆಪ್ಸ್ ಸ್ನಾಯುರಜ್ಜುವಿಗೂ ಬೀಳುವ ಒತ್ತಡ ಸಾಕಷ್ಟಿದೆ. ಬೇಸ್‌ಬಾಲ್‌ನಲ್ಲಿ ಎಸೆದವರಿಗೆ ದಿನಗಟ್ಟಲೆ ವಿಶ್ರಾಂತಿ ಕೊಡುತ್ತಾರೆ, ಇಲ್ಲಿ ಒಬ್ಬಳೇ ಹುಡುಗಿಯನ್ನು ಒಂದೇ ವಾರಾಂತ್ಯದಲ್ಲಿ ಎರಡು ಮೂರು ಬಾರಿ ನಿಲ್ಲಿಸುತ್ತಾರೆ. 2024ರಲ್ಲಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಒಪ್ಪಂದದೊಡನೆ ಸ್ಟ್ಯಾನ್‌ಫರ್ಡ್‌ನಿಂದ ಟೆಕ್ಸಸ್ ಟೆಕ್‌ಗೆ ಬಂದ ಪಿಚರ್ ನಿಜಾರಿ ಕನೇಡಿ ಅವರನ್ನು ನಿಮ್ಮ ಮಗಳು ಬಲ್ಲಳು. 2025ರಲ್ಲಿ ಒಕ್ಲಹೋಮ ಸಿಟಿಯಲ್ಲಿ ನಡೆದ ಕಾಲೇಜು ತಂಡಗಳ ವಿಶ್ವ ಸರಣಿಯಲ್ಲಿ ಅವರು ತಂಡದ ಭಾರವನ್ನೆಲ್ಲ ಹೊತ್ತು ಎಸೆದರು. ಟೆಕ್ಸಸ್ ವಿರುದ್ಧದ ನಿರ್ಣಾಯಕ ಮೂರನೆಯ ಪಂದ್ಯದಲ್ಲಿ ಒಂದೇ ಇನ್ನಿಂಗ್ಸ್ ನಂತರ ಹೊರಬರಬೇಕಾಯಿತು. ಅಷ್ಟು ಬಲಿಷ್ಠರಾದವರ ತೋಳಿಗೂ ದಣಿವಿದೆ. ಎರಡೂ ಕೋಚ್‌ಗಳಿಗೆ, ತಂಡದಲ್ಲಿ ಎಷ್ಟು ಪಿಚರ್‌ಗಳಿದ್ದಾರೆ, ಕಳೆದ ವರ್ಷ ಯಾರು ಎಷ್ಟು ಇನ್ನಿಂಗ್ಸ್ ಎಸೆದರು ಎಂದು ಕೇಳಿ. ಇದು ಕಾಲೇಜುಗಳ ಜಾಲತಾಣದ ಅಂಕಿಅಂಶಗಳಲ್ಲೂ ಸಿಗುತ್ತದೆ.

ಇದಕ್ಕಿಂತ ಮೆಲ್ಲಗೆ ಬರುವ ತೊಂದರೆ ಆಹಾರದ ಕೊರತೆಯದು. ಇಷ್ಟು ದುಡಿಯುವ ದೇಹಕ್ಕೆ ಸಾಕಷ್ಟು ಉಣದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ದುರ್ಬಲವಾಗುತ್ತದೆ. ಹುಡುಗಿಯರು ಇದನ್ನು ತಾಯಂದಿರಿಗೂ ಹೇಳುವುದಿಲ್ಲ, ತಾಲೀಮಿನಿಂದ ಹೀಗಾಗುವುದು ಸಹಜವೆಂದು ಸುಮ್ಮನಿರುತ್ತಾರೆ. ಅದು ಸಹಜವಲ್ಲ. ಕಾಲೇಜಿಗೆ ಕಳುಹಿಸುವ ಮುನ್ನ ಹಿಮೋಗ್ಲೋಬಿನ್ ಜೊತೆಗೆ, ದೇಹದಲ್ಲಿನ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ, ಸಸ್ಯಾಹಾರಿಗಳಾಗಿದ್ದರಂತೂ ತಪ್ಪದೆ.

ಮೊಣಕಾಲಿನ ಗಾಯದ ವಿಷಯ ಬಂದಾಗ ನನಗೆ 2008ರ ಏಪ್ರಿಲ್‌ನ ಒಂದು ಪಂದ್ಯ ನೆನಪಾಗುತ್ತದೆ. ವೆಸ್ಟರ್ನ್ ಒರೆಗಾನ್ ತಂಡದ ಸಾರಾ ಟುಕೋಲ್ಸ್ಕಿ ತಮ್ಮ ಬದುಕಿನ ಮೊದಲ ಹೋಮ್ ರನ್ (ಚೆಂಡು ಬೇಲಿ ದಾಟುವ ಹೊಡೆತ, ಆದರೂ ಎಲ್ಲ ಬೇಸ್‌ಗಳನ್ನು ಮುಟ್ಟಿ ಬರಲೇಬೇಕು) ಹೊಡೆದರು, ಸಂಭ್ರಮದಲ್ಲಿ ಮೊದಲ ಬೇಸನ್ನು ಮುಟ್ಟದೆ ದಾಟಿದರು, ತಿರುಗಿ ಬರುವಾಗ ಮೊಣಕಾಲಿನ ಲಿಗಮೆಂಟ್ ಹರಿದು ಕುಸಿದರು. ಸ್ವಂತ ತಂಡದವರು ಮುಟ್ಟಿದರೆ ಅವರು ಔಟ್. ಬೇರೆಯವರನ್ನು ಓಡಲು ಕಳುಹಿಸಿದರೆ ಹೋಮ್ ರನ್ ಹೋಗಿ ಬರೀ ಸಿಂಗಲ್ (ಮೊದಲ ಬೇಸ್‌ವರೆಗಿನ ಹೊಡೆತ) ಆಗುತ್ತದೆ ಎಂದರು ಅಂಪೈರ್‌ಗಳು. ಆಗ ಎದುರಾಳಿ ಸೆಂಟ್ರಲ್ ವಾಷಿಂಗ್ಟನ್ ತಂಡದ ಮ್ಯಾಲರಿ ಹೋಲ್ಟ್‌ಮನ್ ಮತ್ತು ಲಿಜ್ ವ್ಯಾಲೇಸ್ ಅವರನ್ನು ಎತ್ತಿಕೊಂಡು, ಪ್ರತಿ ಬೇಸ್‌ನಲ್ಲೂ ನೋವಿಲ್ಲದ ಕಾಲು ತಾಗುವಂತೆ ಇಳಿಸುತ್ತ, ಮೈದಾನ ಸುತ್ತಿಸಿದರು. ಆ ಪಂದ್ಯವನ್ನು ಹೊತ್ತವರ ತಂಡ 4-2ರಿಂದ ಸೋತಿತು. ಅದು ಡಿವಿಷನ್ ಎರಡರ, ಟಿವಿಯಲ್ಲಿ ಬಾರದ ಪಂದ್ಯ. ನಿಮ್ಮ ಮಗಳು ಹೋಗಬಹುದಾದ ಸಣ್ಣ ಕಾಲೇಜನ್ನು ಚಿಕ್ಕದೆಂದು ಎಣಿಸಬೇಡಿ ಎನ್ನುವುದಕ್ಕೆ ಇಷ್ಟು ಬರೆದೆ.

ಪ್ರಶ್ನೆ ಕೇಳಿದವರ ಮರುನುಡಿ: ತೀರ್ಥಹಳ್ಳಿಯವಳು, ನ್ಯೂಜೆರ್ಸಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ಕನ್ನಡ ಓದಲು ಬಾರದಿದ್ದರೂ ಕೇಳಿದರೆ ಅವಳಿಗೆ ಎಲ್ಲ ಅರ್ಥವಾಗುತ್ತದೆ. ಬೆಂಚಿನ ಮೇಲೆ ಪಟ್ಟಿ ಬರೆಯುವ ಭಾಗವನ್ನು ಎರಡು ಸಲ ಓದಿಸಿಕೊಂಡಳು.

ಎರಡೂ ಕೋಚ್‌ಗಳಿಗೆ ಅವಳೇ ಬರೆದಳು. ದೊಡ್ಡ ವಿಶ್ವವಿದ್ಯಾಲಯದವರು, ಜಾಗದ ಬಗ್ಗೆ ಈಗಲೇ ಮಾತು ಕೊಡಲಾಗದು, ಮುಂದಿನ ಬೇಸಿಗೆಯಲ್ಲಿ ನೋಡೋಣ ಎಂದರು. ಪೆನ್ಸಿಲ್ವೇನಿಯಾದ ಕೋಚ್ ಮರುದಿನವೇ ಉತ್ತರಿಸಿದರು: ತಂಡದಲ್ಲಿ ವಿಜ್ಞಾನ ಓದುವವರು ಐವರಿದ್ದಾರೆ, ಪಿಚರ್‌ಗಳು ನಾಲ್ವರು. ಅವರಲ್ಲಿ ರಸಾಯನಶಾಸ್ತ್ರ ಓದುವ ಹುಡುಗಿಯೊಬ್ಬಳ ಜೊತೆ ಮಗಳು ಒಂದೂಕಾಲು ಗಂಟೆ ಫೋನಿನಲ್ಲಿ ಮಾತನಾಡಿದಳು. ನಡುನಡುವೆ ನಗು ಕೇಳಿಸುತ್ತಿತ್ತು, ನಾನು ಬಾಗಿಲ ಬಳಿ ನಿಲ್ಲದೆ ಒಳಗೆ ಹೋದೆ. ಮುಂದಿನ ತಿಂಗಳು ಒಂದು ರಾತ್ರಿ ಹಾಸ್ಟೆಲಿನಲ್ಲಿ ಆ ಹುಡುಗಿಯರ ಜೊತೆಗೇ ಉಳಿದು ಬರಲು ಹೋಗುತ್ತಿದ್ದಾಳೆ. ರಕ್ತಪರೀಕ್ಷೆಗೆ ಶುಕ್ರವಾರ ಸಮಯ ಗೊತ್ತುಮಾಡಿದ್ದೇವೆ. ಯಜಮಾನರು ಫಿಸಿಯೋ ಅವರ ಮಾತು ಕೇಳಿ ಭಾನುವಾರ ಬಕೆಟ್ಟನ್ನು ಗ್ಯಾರೇಜಿನಲ್ಲಿಟ್ಟು ಬಾಗಿಲು ಹಾಕಿದರು. ವಾರಕ್ಕೆ ಎರಡು ದಿನ ತೋಳಿಗೆ ಪೂರ್ತಿ ರಜೆ ಎಂದು ಮನೆಯಲ್ಲಿ ನಿರ್ಧಾರವಾಗಿದೆ.