ಹಳೇ ಮರೀನ್ ಟ್ಯಾಂಕ್: ಮೀನು ಆರಾಮಾಗಿವೆ, ಬಸವನಹುಳು ಮಾತ್ರ ಸಾಯ್ತಿವೆ

ಹೊಸಬ_ಉಪ್ಪುನೀರು:
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಮರೀನ್ ಟ್ಯಾಂಕ್ (ಉಪ್ಪುನೀರಿನ ಮೀನಿನ ತೊಟ್ಟಿ) ತಂದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಗಾಜಿನ ಬಿಳಿ ಕರೆಯನ್ನು ವಿನೆಗರ್ ಹಚ್ಚಿ, ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆದು ತೆಗೆದೆ. ಮರಳು ಹೊಸದು, ಕಲ್ಲು ಹಳೇದು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಸಲಿನಿಟಿ (ನೀರಿನ ಉಪ್ಪಿನಂಶ, ಸಿಹಿನೀರು 1.000 ಅಂತ ಇಟ್ಕೊಂಡು ಅಳೆಯೋದು) 1.025. ಎರಡು ಕ್ಲೌನ್ ಮೀನು ತಿಂದುಂಡು ಆರಾಮಾಗಿವೆ. ಆದರೆ ಬಸವನಹುಳು ಬಿಟ್ಟರೆ ಎರಡೇ ದಿನಕ್ಕೆ ಮಗುಚಿ ಬೀಳುತ್ತವೆ. ಸೀಗಡಿ ರಾತ್ರಿ ಬಿಟ್ಟದ್ದು ಬೆಳಿಗ್ಗೆ ಇಲ್ಲ. ಇದು ಮೂರನೇ ಸಲ. ಅಂಗಡಿಯವರು "ನಿಮ್ಮ ಕೈಗುಣ ಸರಿಯಿಲ್ಲ" ಅಂತ ನಗ್ತಾರೆ.

ಸಂಪ್‌ಮಾಸ್ಟರ್:
ತಾಮ್ರ. ಕಣ್ಣು ಮುಚ್ಚಿ ಹೇಳ್ತೀನಿ. ಹಳೇ ಓನರ್ ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕಿರ್ತಾರೆ. ಅದು ಕಲ್ಲಿನೊಳಗೆ ಸೇರಿ ನಿಧಾನಕ್ಕೆ ನೀರಿಗೆ ಬಿಡುತ್ತೆ. ಮೀನು ತಡ್ಕೊಳ್ಳುತ್ತೆ, ಹುಳು ಸೀಗಡಿ ತಡ್ಕೊಳ್ಳಲ್ಲ. ಕಲ್ಲು ಬಿಸಾಕಿ.

ಹೊಸಬ_ಉಪ್ಪುನೀರು:
ತಾಮ್ರದ ಕಿಟ್ ತಂದು ನೋಡಿದೆ. ಬಣ್ಣವೇ ಬರಲಿಲ್ಲ. ಸೊನ್ನೆ.

ಸಂಪ್‌ಮಾಸ್ಟರ್:
ಕಿಟ್ ಡೇಟ್ ಮುಗಿದಿರಬೇಕು, ಇನ್ನೊಂದು ತನ್ನಿ. ಸಿಲಿಕಾನ್ ಅಂಟು ಕೂಡ ತಾಮ್ರ ಹೀರುತ್ತೆ ಅಂತಾರೆ. ನಾನಾಗಿದ್ದರೆ ಟ್ಯಾಂಕನ್ನೇ ಮಾರ್ತಿದ್ದೆ.

ಮಲ್ಪೆಹುಡುಗ:
ಪ್ಯಾಕೆಟ್ ಉಪ್ಪು ಹಾಕಿದರೆ ಇದೇ ಗತಿ. ನಮ್ಮಲ್ಲಿ ಬೋಟಿನವರಿಗೆ ಹೇಳಿದರೆ ದಡದಿಂದ ದೂರ ಹೋಗಿ ಕ್ಯಾನ್ ತುಂಬಿಸಿ ತರ್ತಾರೆ. ಒಂದೇ ಒಂದು ಹುಳು ಸತ್ತಿಲ್ಲ.

ಹವಳದಗುಡ್ಡ:
ಬೆಂಗಳೂರಿನವರು 400 ಕಿಲೋಮೀಟರ್ ಕ್ಯಾನ್ ಹೊರಬೇಕಾ? ಮಳೆಗಾಲದಲ್ಲಿ ಹೊಳೆ ನೀರು ಸೇರಿ ನಿಮ್ಮ ಸಮುದ್ರವೇ ಸಪ್ಪೆ ಆಗುತ್ತಲ್ವಾ, ಆಗ ಏನು ಮಾಡ್ತೀರಿ?

ಮಲ್ಪೆಹುಡುಗ:
ಮೇ ತಿಂಗಳಲ್ಲೇ ಡ್ರಮ್ ತುಂಬಿ ಕತ್ತಲಲ್ಲಿ ಇಡ್ತೀನಿ. ಸುಮ್ನೆ ಗೊತ್ತಿಲ್ಲದೆ ಮಾತಾಡ್ಬೇಡಿ.

ಹವಳದಗುಡ್ಡ:
ಆಯ್ತು ಬಿಡಿ. ಹೊಸಬರೇ, ಉಪ್ಪು ಎಷ್ಟು ಕೆಜಿ ಹಾಕಿದಿರಿ? ಯಾವುದರಲ್ಲಿ ಅಳೆದಿರಿ?

ಹೊಸಬ_ಉಪ್ಪುನೀರು:
7 ಕೆಜಿ. ಟ್ಯಾಂಕ್ ಜೊತೆ ಬಂದ ಪ್ಲಾಸ್ಟಿಕ್ ಡಬ್ಬಿ ಇದೆ, ಒಳಗೆ ಮುಳ್ಳು ತೇಲುತ್ತಲ್ಲ, ಅದರಲ್ಲಿ.

ಸಂಪ್‌ಮಾಸ್ಟರ್:
ಲೆಕ್ಕ ಸರಿಯಾಗೇ ಇದೆ. 9 ಘನ ಅಡಿ ಅಂದ್ರೆ 255 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ 200. ಲೀಟರಿಗೆ 35 ಗ್ರಾಂ ಬಂತಲ್ಲ, ಸಮುದ್ರದ ನೀರಿನಷ್ಟೇ. ಮತ್ತೆ ಹೇಳ್ತೀನಿ, ತಾಮ್ರ.

ಹೊಸಬ_ಉಪ್ಪುನೀರು:
ಸಂಪ್ (ಟ್ಯಾಂಕಿನ ನೀರು ಸುತ್ತಿ ಬರುವ ಫಿಲ್ಟರ್ ತೊಟ್ಟಿ) ಬೇರೆ. ಕೆಳಗೆ ಇದೆ, ಸುಮಾರು 80 ಲೀಟರ್.

ಹವಳದಗುಡ್ಡ:
ಅಯ್ಯೋ ಮಾರಾಯ್ರೆ! ಅದನ್ನು ಮೊದಲೇ ಹೇಳೋದಲ್ವಾ? 280 ಲೀಟರಿಗೆ 7 ಕೆಜಿ ಅಂದ್ರೆ ಲೀಟರಿಗೆ 25 ಗ್ರಾಂ. 1.025 ಬರೋಕೆ ಸಾಧ್ಯವೇ ಇಲ್ಲ. ಆ ಡಬ್ಬಿಯ ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಮುಳ್ಳು ಮೇಲೆದ್ದು ಜಾಸ್ತಿ ತೋರಿಸುತ್ತೆ. ಬಿಳಿಚುಕ್ಕೆಗೆ ಬೇಕಂತಲೇ 1.009ಕ್ಕೆ ಇಳಿಸಿ ಮೀನು ಸಾಕುವವರಿದ್ದಾರೆ, ಮೀನಿಗೆ ಏನೂ ಆಗಲ್ಲ. ಹುಳು, ಸೀಗಡಿ ಹಾಗಲ್ಲ.

ಹೊಸಬ_ಉಪ್ಪುನೀರು:
ಈಗಷ್ಟೇ ನೋಡಿದೆ. ಮುಳ್ಳಿನ ಅಡಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿ ಕೂತಿವೆ. ಬೆರಳಲ್ಲಿ ತಟ್ಟಿದೆ, ಮುಳ್ಳು 1.021ಕ್ಕೆ ಇಳಿಯಿತು. ಗೆಳೆಯನ ರಿಫ್ರಾಕ್ಟೋಮೀಟರ್ (ಬೆಳಕು ಬಾಗೋದನ್ನು ನೋಡಿ ಉಪ್ಪು ಅಳೆಯುವ ಸಾಧನ) ತಂದರೆ 1.018!

ಸಂಪ್‌ಮಾಸ್ಟರ್:
ರಿಫ್ರಾಕ್ಟೋಮೀಟರನ್ನು ಆರ್‌ಓ ನೀರಲ್ಲಿ ಸೊನ್ನೆಗೆ ತಂದಿರಾ? ಇಲ್ಲದಿದ್ದರೆ ಅದೂ ಸುಳ್ಳೇ.

ಹವಳದಗುಡ್ಡ:
ಆರ್‌ಓ ನೀರಿಗಿಂತ 35ರ (ಸಾವಿರಕ್ಕೆ 35 ಭಾಗ ಉಪ್ಪಿನ) ದ್ರಾವಣದಲ್ಲಿ ಸರಿಮಾಡಿ. ಸೊನ್ನೆಯ ಹತ್ತಿರ ಸರಿಯಿದ್ದು ಮೇಲೆ ತಪ್ಪಬಹುದು. ಉಪ್ಪನ್ನು ನೇರ ಸುರೀಬೇಡಿ. ಆವಿಯಾದಷ್ಟು ನೀರಿಗೆ ಆರ್‌ಓ ಬದಲು ಉಪ್ಪುನೀರು ಹಾಕ್ತಾ ಬನ್ನಿ, ಸಲಿನಿಟಿ ಏರಿಕೆ ದಿನಕ್ಕೆ 0.001 ದಾಟಬಾರದು.

ಮಲ್ಪೆಹುಡುಗ:
ನನ್ನ 6 ಅಡಿ ಟ್ಯಾಂಕಿನ ಹೊಸ ವೇವ್‌ಮೇಕರ್ ಫೋಟೋ ಹಾಕಲಾ? ಇನ್ವರ್ಟರ್‌ನಲ್ಲೂ ಓಡುತ್ತೆ.

ಹವಳದಗುಡ್ಡ:
ಬೇರೆ ಚರ್ಚೆ ಶುರು ಮಾಡಿ ಸ್ವಾಮಿ.

ಹೊಸಬ_ಉಪ್ಪುನೀರು:
15 ದಿನ ಆಯ್ತು. 1.024. ದಿನಾ ಸುಮಾರು 5 ಲೀಟರ್ ಆವಿಯಾಗ್ತಿತ್ತು, ಅಷ್ಟೂ ಉಪ್ಪುನೀರೇ ಹಾಕಿದೆ. ಮೊನ್ನೆ ಎರಡು ಹುಳು ಬಿಟ್ಟೆ, ಹನಿಹನಿಯಾಗಿ ಒಂದು ಗಂಟೆ ನೀರು ಸೇರಿಸಿ. ಒಂದು ಕಲ್ಲಿನ ಸಂದಿಯಲ್ಲಿದೆ, ಕಾಣ್ತಿಲ್ಲ. ಇನ್ನೊಂದು ಮುಂದಿನ ಗಾಜಿನ ಮೇಲೆ ಬಾಯಿ ತೆರೆದು ಮುಚ್ಚಿ ಪಾಚಿ ನೆಕ್ಕುತ್ತಿದೆ. ಅದು ಹೋದ ದಾರಿ ಅಂಕುಡೊಂಕಾಗಿ ಸ್ವಚ್ಛ ಆಗಿದೆ.

ಸಂಪ್‌ಮಾಸ್ಟರ್:
ಸೀಗಡಿ ಬಿಟ್ಟು ನೋಡಿ ಹೇಳಿ. ನನಗಿನ್ನೂ ತಾಮ್ರದ ಮೇಲೇ ಅನುಮಾನ.